ಇಪ್ಪತ್ತೊಂದರ ಆಸುಪಾಸಿನಲ್ಲಿ ಊರು ಬಿಟ್ಟವರು

ಭದ್ರಾವತಿಯಲ್ಲಿ ಬೆಳೆದವರಿಗೆ ಒಂದು ಪ್ರಶ್ನೆ ಚಿಕ್ಕಂದಿನಿಂದ ಕಿವಿಗೆ ಬೀಳ್ತಾನೇ ಇರುತ್ತೆ. "ನಿಮ್ದು ಮೂಲ ಯಾವ್ ಕಡೆ?" ಬೆಂಕಿಪುರ ಅಂತಿದ್ದ ಊರು. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡ ಮೇಲೆ ಎಲ್ಲೆಲ್ಲಿಂದಲೋ ಜನ ಬಂದು ಸೇರಿಕೊಂಡರು. ತಮಿಳರು, ಮಲಯಾಳಿಗಳು, ತೆಲುಗರು, ಬಯಲುಸೀಮೆಯವರು, ಎಲ್ಲರೂ. ಕೇರಳದಿಂದ ಮಲೆನಾಡಿಗೆ ಬಂದು ನೆಲೆ ನಿಂತ ಕ್ರೈಸ್ತ ಕುಟುಂಬಗಳು ಎಷ್ಟಾದವು ಅಂದ್ರೆ 2007ರಲ್ಲಿ ಸಿರೋ-ಮಲಬಾರ್ ಕ್ಯಾಥೊಲಿಕರಿಗೆ ಭದ್ರಾವತಿ ಹೆಸರಿನದೇ ಒಂದು ಧರ್ಮಪ್ರಾಂತ್ಯ ಆಯಿತು. ಹೊಸ ಊರಿಗೆ ಹೊಂದಿಕೊಳ್ಳುವುದು ನಮ್ಮಲ್ಲಿ ಯಾರಿಗೂ ವಿಶೇಷ ಅಲ್ಲ ಬಿಡಿ.

ಆದರೆ ಹೊಟ್ಟೆಪಾಡಿಗೆ ಬಂದವರ ಕಥೆ ಒಂದು. ಯಾರೂ ಕರೆಯದೆ, ತಾವಾಗೇ ಹೆಸರು ಕೊಟ್ಟು, ವಾಪಸ್ ಹೋಗ್ತೀವೋ ಇಲ್ವೋ ಗೊತ್ತಿಲ್ಲದೆ ಹಡಗು ಹತ್ತಿದ ಹುಡುಗರ ಕಥೆ ಇನ್ನೊಂದು. ನಾನು ಬರೆಯಲು ಹೊರಟಿರುವುದು ಆ ಎರಡನೆಯವರ ಬಗ್ಗೆ. ಬಾಸೆಲ್ ಮಿಷನ್ನಿನವರ ಬಗ್ಗೆ. ಇತಿಹಾಸ ನನ್ನ ಓದಿನ ವಿಷಯ ಅಲ್ಲ, ನಾನು ಕೋಡ್ ಬರೆಯುವವನು. ಕಿಟೆಲ್ ನಿಘಂಟು ಅಂತರ್ಜಾಲದಲ್ಲಿ ಸ್ಕ್ಯಾನ್ ಆಗಿ ಸಿಕ್ಕಿದ ಮೇಲೆ ಹತ್ತಿದ ಹುಚ್ಚು ಇದು.

ಕಿಟೆಲ್, ಮೊಗ್ಲಿಂಗ್ ಅಂದ ತಕ್ಷಣ ನಮಗೆ ಕಣ್ಣಿಗೆ ಬರುವುದು ಬಿಳಿ ಗಡ್ಡದ ಮುದುಕರು. ಪಠ್ಯಪುಸ್ತಕದ ಚಿತ್ರದ ತಪ್ಪು ಅದು. ಹರ್ಮನ್ ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಾಗ ಇಪ್ಪತ್ತೈದು ವರ್ಷ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದಾಗ ಇಪ್ಪತ್ತೊಂದು! ಆ ವಯಸ್ಸಿಗೆ ನಾವು ಕ್ಯಾಂಪಸ್ ಇಂಟರ್‌ವ್ಯೂಗೆ ಟೈ ಕಟ್ಟೋದು ಹೇಗೆ ಅಂತ ಹಾಸ್ಟೆಲ್ಲಿನ ಸೀನಿಯರನ್ನು ಕೇಳ್ತಾ ಇದ್ವಿ.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಬಾಸೆಲ್ ಮಿಷನ್ ಶುರುವಾಗಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅದಕ್ಕೆ ಸೇರುತ್ತಿದ್ದ ಹುಡುಗರು ಹೆಚ್ಚಾಗಿ ಪಕ್ಕದ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು, ರೈತರ ಮತ್ತು ಕೈಕಸುಬಿನವರ ಮಕ್ಕಳು. ಕಂಪನಿ ಸರ್ಕಾರ ಮೊದಲು ಬ್ರಿಟಿಷೇತರ ಮಿಷನರಿಗಳನ್ನು ಇಲ್ಲಿಗೆ ಬಿಟ್ಟುಕೊಳ್ತಾ ಇರಲಿಲ್ಲ. 1833ರ ಸನದು ಕಾಯಿದೆ ಆ ಬಾಗಿಲು ತೆಗೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಕೊಡಗು ಅಂತ ಹರಡಿಕೊಂಡರು. ನಮ್ಮ ಶಿವಮೊಗ್ಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ ಇಲ್ಲಿ ಕೆಲಸ ಮಾಡಿದ್ದು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್. ಅದಕ್ಕೇ ಕಿಟೆಲ್ ಕಥೆಯಲ್ಲಿ "ಆನಂದಪುರ" ಅಂತ ಬಂದಾಗ ನಾನು ಒಂದು ಕ್ಷಣ ಕುಣಿದಾಡಿಬಿಟ್ಟಿದ್ದೆ, ಸಾಗರ ತಾಲ್ಲೂಕಿನದು ಅಂತ. ಅದಲ್ಲ, ಕೊಡಗಿನ ಆನಂದಪುರ ಅದು :)

ಮೊಗ್ಲಿಂಗ್ ಬಗ್ಗೆ ನಿಮಗೆಲ್ಲ ಗೊತ್ತು. 1843ರ ಜುಲೈ 1ಕ್ಕೆ "ಮಂಗಳೂರ ಸಮಾಚಾರ" ತಂದವರು, ಜುಲೈ ಒಂದು ಪತ್ರಿಕಾ ದಿನ ಆಗಿದ್ದು ಅದರಿಂದಲೇ. ದಾಸರ ಪದಗಳಿಂದ ಹಿಡಿದು ಜೈಮಿನಿ ಭಾರತದವರೆಗೆ ಅಚ್ಚು ಹಾಕಿಸಿದವರು. ನನಗೆ ಅವರಿಗಿಂತ ಹೆಚ್ಚು ತಲೆಯಲ್ಲಿ ಕೂತಿರುವುದು ಅವರ ಶಾಲೆಗೆ ಬಂದ ಒಬ್ಬ ಹುಡುಗ.

ಆನಂದರಾವ್ ಕೌಂಡಿಣ್ಯ. ಹುಟ್ಟಿದ್ದು 1825ರಲ್ಲಿ, ಸಾರಸ್ವತ ಬ್ರಾಹ್ಮಣರ ಮನೆ. ಮಂಗಳೂರಿನಲ್ಲಿ ಮಿಷನ್ನಿನವರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದವನು 1844ರ ಜನವರಿಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ. ಊರಲ್ಲಿ ದೊಡ್ಡ ಗಲಾಟೆ ಆಯಿತು. ಆಗಲೇ ಮದುವೆಯಾಗಿತ್ತು. ಹೆಂಡತಿ ಅವನ ಜೊತೆ ಬರಲಿಲ್ಲ. ಗುರುವಿನ ಹೆಸರನ್ನೇ ಮುಂದೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿಣ್ಯ ಆದ. ಮೊಗ್ಲಿಂಗ್ ಯುರೋಪಿಗೆ ಹೊರಟಾಗ ಜೊತೆಗೆ ಹೋಗಿ 1846ರಲ್ಲಿ ಬಾಸೆಲ್ಲಿನ ಸೆಮಿನರಿ ಸೇರಿದ.

ಅಂದ್ರೆ ನೋಡಿ, ಅವರ ಕಡೆಯಿಂದ ಹುಡುಗರು ಇಲ್ಲಿಗೆ ಬರ್ತಾ ಇದ್ದ ಕಾಲದಲ್ಲೇ ನಮ್ಮ ಕಡೆಯ ಹುಡುಗನೊಬ್ಬ ಇಪ್ಪತ್ತೊಂದರ ಹೊತ್ತಿಗೆ ಅಲ್ಲಿಗೆ ಹೋಗಿದ್ದ. ಸಮುದ್ರ ದಾಟಿದರೆ ಜಾತಿ ಹೋಗುತ್ತೆ ಅನ್ನುತ್ತಿದ್ದ ಕಾಲ, ಇವನಿಗೆ ಅದು ಮೊದಲೇ ಹೋಗಿತ್ತು. ಐದು ವರ್ಷ ಅಲ್ಲಿದ್ದು ಪಾದ್ರಿಯಾಗಿ 1851ರಲ್ಲಿ ಮರಳಿದ. ಕಿಟೆಲ್ ಅದೇ ಸೆಮಿನರಿಗೆ ಸೇರಿದ್ದು 1850ರಲ್ಲಿ. ಲೆಕ್ಕ ಹಾಕಿದರೆ ಕೆಲವು ತಿಂಗಳಾದರೂ ಇಬ್ಬರೂ ಒಂದೇ ಸೂರಿನಡಿ ಇದ್ದಿರಬೇಕು. ಜರ್ಮನಿಯ ಉತ್ತರದ ತುದಿ ಪೂರ್ವ ಫ್ರೀಸಿಯಾದಿಂದ ಬಂದ ಪಾದ್ರಿಯ ಮಗ ಒಂದು ಕಡೆ, ಮಂಗಳೂರಿನ ಕೊಂಕಣಿ ಮಾತಾಡುವ ಹುಡುಗ ಇನ್ನೊಂದು ಕಡೆ. ಒಂದೇ ಮೇಜಿನಲ್ಲಿ ಊಟಕ್ಕೆ ಕೂತಿದ್ದರೇನೋ. ಊಹಿಸಿಕೊಳ್ಳಲಿಕ್ಕೆ ಖುಷಿಯಾಗುತ್ತೆ.

ಈಗ ಕಿಟೆಲ್. ಈ ಮನುಷ್ಯ ಬಂದದ್ದೇ ಒಂದು ಹಟ ಇಟ್ಟುಕೊಂಡು. ಸಂತ ಪೌಲನು ಯೆಹೂದ್ಯರ ನಡುವೆ ಯೆಹೂದ್ಯನಂತೆ ನಡೆದುಕೊಂಡೆ ಅಂತ ಬೈಬಲ್ಲಿನಲ್ಲಿ ಹೇಳ್ತಾನಲ್ಲ, ಹಾಗೆ ತಾನು ಭಾರತೀಯರ ನಡುವೆ ಭಾರತೀಯನಾಗಬೇಕು ಅಂತ. ಧಾರವಾಡ ಸೀಮೆಯಲ್ಲಿ ಕುದುರೆ ಹತ್ತದೆ ಕಾಲ್ನಡಿಗೆಯಲ್ಲೇ ಹಳ್ಳಿ ಸುತ್ತಿದ. ಮಿಷನ್ ಬಂಗಲೆಯ ಬದುಕೇ ನಮ್ಮನ್ನೂ ಜನರನ್ನೂ ದೂರ ಮಾಡ್ತಿದೆ ಅನ್ನುವುದು ಅವನ ವಾದ. ಇಲ್ಲಿನ ಪಂಡಿತರ ಹತ್ತಿರ ಕೂತು ಸಂಸ್ಕೃತ, ಹಳಗನ್ನಡ ಕಲಿತ. ಯೇಸುವಿನ ಕಥೆಯನ್ನು ಜರ್ಮನ್ ರಾಗದ ಕೀರ್ತನೆಗಳಲ್ಲಿ ಹಾಡಿದರೆ ಯಾರ ಕಿವಿಗೆ ಹೋಗುತ್ತೆ ಅಂತ ಕನ್ನಡ ಛಂದಸ್ಸಿನಲ್ಲೇ ಬರೆದ, 1862ರ "ಕಥಾಮಾಲೆ" ಅದು.

ಜೊತೆಯವರಿಗೆ ಇದು ಹಿಡಿಸಲಿಲ್ಲ. ಅದೂ ಅರ್ಥವಾಗುವಂಥದ್ದೇ. ಬಿಸಿಲು, ಕಾಲರಾ, ಜ್ವರಕ್ಕೆ ಸಿಕ್ಕಿ ಎಷ್ಟೋ ಜನ ಸತ್ತಿದ್ದರು. ಕನ್ನಡ ಬೈಬಲ್ಲಿಗೆ ದುಡಿದ ವೈಗ್ಲೆ, ಮೊಗ್ಲಿಂಗರ ಸಂಬಂಧಿ, 1855ರಲ್ಲಿ ತೀರಿಕೊಂಡರು. ಹೊಸಬನೊಬ್ಬ ಬಂದು ನೀವೆಲ್ಲ ಸಾಹೇಬರಾಗಿಬಿಟ್ಟಿದ್ದೀರಿ ಅನ್ನೋ ಹಾಗೆ ನಡೆದುಕೊಂಡರೆ ಯಾರಿಗೆ ಸಿಟ್ಟು ಬರೋಲ್ಲ? ನಮ್ಮ ಪ್ರಾಜೆಕ್ಟಿಗೆ ಬಂದ ಫ್ರೆಷರ್ ಮೊದಲ ವಾರವೇ ಇಡೀ ಕೋಡ್ ತಪ್ಪು ಅಂದರೆ ಹೇಗಿರುತ್ತೆ, ಹಾಗೆ.

ಬಾಸೆಲ್ಲಿನ ಸಮಿತಿಗಂತೂ ಶಿಸ್ತೇ ಎಲ್ಲ. 1850ರಿಂದ 1879ರವರೆಗೆ ಅದರ ಮುಖ್ಯಸ್ಥನಾಗಿದ್ದ ಯೋಸೆಫ್ ಯೋಸೆನ್‌ಹನ್ಸ್ ಬಿಗಿ ಮನುಷ್ಯ. ಯಾರು ಯಾವ ಊರಲ್ಲಿರಬೇಕು ಅನ್ನುವುದರಿಂದ ಹಿಡಿದು ಮದುವೆಯವರೆಗೆ ಅಲ್ಲಿಂದ ಅಪ್ಪಣೆ ಬರಬೇಕು. ಮಿಷನರಿಗಳು ತಪ್ಪದೆ ವರದಿ ಬರೆದು ಕಳಿಸಬೇಕು. (ವಾರದ ಸ್ಟೇಟಸ್ ರಿಪೋರ್ಟಿಗೆ ಗೊಣಗುವ ಗೆಳೆಯರೇ, ಕೇಳಿಸಿಕೊಳ್ಳಿ.) ಕಿಟೆಲ್‌ನನ್ನು ಧಾರವಾಡದಿಂದ ಎಬ್ಬಿಸಿ ಮಂಗಳೂರಿಗೆ ಕರೆಸಿಕೊಂಡರು.

ಪಾದ್ರಿಯಾಗಿ ಅವನು ಸೋತ ಅಂತಲೇ ಹೇಳಬೇಕು. 2006ರಲ್ಲಿ ರೈನ್‌ಹಾರ್ಡ್ ವೆಂಡ್ಟ್ ಎಂಬ ಜರ್ಮನ್ ಇತಿಹಾಸಕಾರರು ಕಿಟೆಲ್ ಬಗ್ಗೆ ಒಂದು ಪ್ರಬಂಧ ಸಂಕಲನ ತಂದರು. "ಭಾರತೀಯರಿಗೆ ಭಾರತೀಯನೇ?" ಅನ್ನುವ ಅರ್ಥದ ಅದರ ಹೆಸರಿನಲ್ಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಉಪಶೀರ್ಷಿಕೆಯಲ್ಲಿ ಮೊದಲ ಸೋಲು, ಸತ್ತ ಮೇಲಿನ ಗೆಲುವು ಅಂತ ನೇರವಾಗಿಯೇ ಹಾಕಿದ್ದಾರೆ.

ಗೆಲುವು ಅಂದ್ರೆ ನಿಘಂಟು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸು ಸಂಪಾದಿಸಿದ್ದಾಗಿತ್ತು. ನಿಘಂಟಿನ ಕೆಲಸ ಹಿಡಿದ ಮೇಲೆ ಆರೋಗ್ಯ ಕೆಟ್ಟು 1877ರಲ್ಲಿ ಜರ್ಮನಿಗೆ ಹೋದರು. (ಇಷ್ಟು ಹೊತ್ತಿಗೆ ವಯಸ್ಸಾಯಿತಲ್ಲ, ಇನ್ನು ಬಹುವಚನವೇ ಸರಿ.) ಅಲ್ಲಿ ಕೂತು ಪೂರೈಸುವ ಕೆಲಸ ಅದಲ್ಲ ಅನ್ನಿಸಿ 1883ರಲ್ಲಿ ಮತ್ತೆ ಬಂದರು, ಐವತ್ತು ದಾಟಿದ ಮೇಲೆ. ಪದಗಳನ್ನು ಪುಸ್ತಕದಿಂದ ಮಾತ್ರ ಎತ್ತಿಕೊಂಡಿಲ್ಲ. ಗಾದೆ, ಬೈಗುಳ, ಅಡುಗೆಮನೆ ಮಾತು, ಹೊಲದ ಮಾತು ಎಲ್ಲ ಅದರಲ್ಲಿದೆ. ಕಾಲ್ನಡಿಗೆಯಲ್ಲಿ ಸುತ್ತಿದ ಹುಡುಗನ ಕಿವಿ ಅಲ್ಲಿ ಕೆಲಸ ಮಾಡಿದೆ ಅನ್ನುವುದು ನನ್ನ ನಂಬಿಕೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಸುಮಾರು 70,000 ಪದ, 1752 ಪುಟ.

ಮನೆಯ ಕಡೆ ಏನಾಯ್ತು? 1860ರಲ್ಲಿ ಪೌಲಿನ್ ಐತ್ ಎಂಬಾಕೆಯ ಜೊತೆ ಮದುವೆ. 1864ರಲ್ಲಿ ಆಕೆ ತೀರಿಹೋದಳು. 1867ರಲ್ಲಿ ಆಕೆಯ ತಂಗಿ ಯೂಲಿಯೆ ಜೊತೆ ಮರುಮದುವೆ. ಬಾಸೆಲ್ಲಿನಿಂದ ಹೀಗೆ ಮದುಮಗಳಾಗಿ ಬಂದ ಹುಡುಗಿಯರ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಎಷ್ಟೋ ಜನ ಗಂಡನ ಮುಖವನ್ನೂ ಸರಿಯಾಗಿ ನೋಡದೆ ಹಡಗು ಹತ್ತಿದವರು. ಅದಕ್ಕಿಂತ ಕಷ್ಟ ಮಕ್ಕಳದು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸಬೇಕು, ಬಾಸೆಲ್ಲಿನಲ್ಲಿ ಅದಕ್ಕೆಂದೇ ಮನೆ ಮಾಡಿದ್ದರು. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ ಹುಟ್ಟಿದ್ದು ತಲಶ್ಶೇರಿ ಕಡೆ, ಬೆಳೆದದ್ದು ಅಪ್ಪ ಅಮ್ಮನಿಂದ ದೂರ ಅಲ್ಲಿ. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಆಕೆ. ಊರು ಬಿಡುವ ನಿರ್ಧಾರ ದೊಡ್ಡವರದು, ಹೊಂದಿಕೊಳ್ಳುವ ಕಷ್ಟ ಮಕ್ಕಳದು ಕೂಡ.

ಇಷ್ಟೆಲ್ಲ ಆದರೂ ಒಂದು ಮಾತು ಹೇಳಲೇಬೇಕು. ಕಿಟೆಲ್‌ಗೆ ಹಿಂತಿರುಗಲು ಒಂದು ಊರಿತ್ತು. 1892ರಲ್ಲಿ ಹೊರಟರು, 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು, 1903ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಮೊಗ್ಲಿಂಗ್ 1860ರಲ್ಲಿ ಹೊರಟವರು ಮತ್ತೆ ಬರಲಿಲ್ಲ. ಆದರೆ ಕೌಂಡಿಣ್ಯ? ಅವರು ಇಲ್ಲಿಯವರೇ, ಮನೆಯ ಬಾಗಿಲು ಮಾತ್ರ ಮುಚ್ಚಿತ್ತು. 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದರು. ಅವರು ಸತ್ತದ್ದು 1893ರಲ್ಲಿ, ಹುಟ್ಟಿದ ಸೀಮೆಯಲ್ಲೇ. ಹೊರಗಿನಿಂದ ಬಂದವನಿಗೆ ನಾವು ಪ್ರತಿಮೆ ನಿಲ್ಲಿಸಿದ್ದೇವೆ, ಧಾರವಾಡದ ಕಾಲೇಜಿಗೆ ಹೆಸರಿಟ್ಟಿದ್ದೇವೆ. ಒಳಗಿನಿಂದ ಹೊರಗಾದವನ ಹೆಸರು ಎಷ್ಟು ಜನಕ್ಕೆ ಗೊತ್ತು? ಕಿಟೆಲ್ ಮೇಲೆ ನನಗೆ ಅಭಿಮಾನ ಕಡಿಮೆಯಾಗಿಲ್ಲ, ಆದರೆ ಇಬ್ಬರಲ್ಲಿ ಹೆಚ್ಚು ಕಳೆದುಕೊಂಡವನು ಕೌಂಡಿಣ್ಯನೇ ಅನ್ನಿಸುತ್ತೆ.

ಕೌಂಡಿಣ್ಯರಿಗಾದರೂ ಓದಿತ್ತು. ಮಿಷನ್ ಸೇರಿದ ಬಡವರಿಗೆ ಜಾತಿಯ ಜೊತೆ ಕಸುಬೂ ಹೋಗುತ್ತಿತ್ತು. ನೆಲ ಕೊಟ್ಟವನು ಬಿಡಿಸಿಕೊಂಡ, ಕೆಲಸ ಕೊಡುತ್ತಿದ್ದವನು ಬೇಡ ಅಂದ. ಅವರಿಗೆ ಕೆಲಸ ಹುಟ್ಟಿಸಲಿಕ್ಕೆಂದೇ ಮಿಷನ್ನಿನವರು ನೇಯ್ಗೆಯ ಕಾರ್ಖಾನೆ ಹಾಕಿದರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರು ಹೆಂಚಿನ ಕಾರ್ಖಾನೆ ಶುರು ಮಾಡಿದರು. ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಹಳೇ ಮನೆಗಳ ಮೇಲಿರುವ ಮಂಗಳೂರು ಹೆಂಚಿನ ಹಿಂದಿನ ಕಥೆ ಇದು. ಮಳೆಗಾಲದಲ್ಲಿ ಸೋರುವ ಹೆಂಚು ತಿರುಗಿಸಿ ಹಾಕುವಾಗ ಇದನ್ನೆಲ್ಲ ಯಾರು ನೆನೆಸಿಕೊಳ್ತಾರೆ.

ಇನ್ನು ನಮ್ಮ ಮಲೆನಾಡಿನವರು ಈ ಪಾದ್ರಿಗಳನ್ನು ಹೇಗೆ ನೋಡಿದರು? ಅದಕ್ಕೆ "ಮಲೆಗಳಲ್ಲಿ ಮದುಮಗಳು" ಬೇಕು. 1967ರಲ್ಲಿ ಬಂದ ಆ ಕಾದಂಬರಿಯ ಕಾಲ ವಿವೇಕಾನಂದರು ಚಿಕಾಗೋಗೆ ಹೋದ ಸಮಯ, ಅಂದ್ರೆ 1893ರ ಸುಮಾರು, ನಿಘಂಟು ಮಂಗಳೂರಿನಲ್ಲಿ ಮುಗಿಯುತ್ತಾ ಇದ್ದ ಹೊತ್ತು. ಅದರಲ್ಲಿ ಬರುವ ಪಾದ್ರಿ ಜೀವರತ್ನಯ್ಯ ಬಿಳಿಯನಲ್ಲ, ಇಲ್ಲಿಯವನೇ. ಬೆಟ್ಟಳ್ಳಿ ದೇವಯ್ಯನ ಬೀಸೆಕಲ್ಲು (ಬೈಸಿಕಲ್ಲಿಗೆ ಅಲ್ಲಿನವರ ಹೆಸರು!) ನೋಡಿ ಜನ ಬೆರಗಾಗುತ್ತಾರೆ. ದೇವಯ್ಯ ಕ್ರೈಸ್ತನಾಗಲು ಹೊರಟಾಗ ಮನೆಯವರಿಗೆ ದೇವರ ಚರ್ಚೆ ಅಲ್ಲ ಮುಖ್ಯ, ಜಾತಿ ಕೆಡುವುದು, ಯಾರ ಪಂಕ್ತಿಯಲ್ಲಿ ಕೂತು ಉಣ್ಣುವುದು ಅನ್ನುವುದೇ ಮುಖ್ಯ. ಕುವೆಂಪು ಮಿಷನ್ನಿನ ಬಗ್ಗೆ ಅಷ್ಟು ತಮಾಷೆ ಮಾಡಿದರೂ ಅದರ ಶಾಲೆಯನ್ನು ಒಳಗಿನಿಂದ ಬಲ್ಲವರು. ಅವರು ಮೈಸೂರಿನಲ್ಲಿ ಓದಿದ್ದು ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ. ಬಾಸೆಲ್ಲಿನ ವರದಿಗಳನ್ನು ಓದಿದರೆ ಬಂದವರ ಕಷ್ಟ ತಿಳಿಯುತ್ತೆ, ಬಂದವರಿಂದ ಮನೆಯೊಳಗೆ ಏನಾಯ್ತು ಅನ್ನುವುದು ತಿಳಿಯಬೇಕಾದರೆ ಬೆಟ್ಟಳ್ಳಿಯ ಜಗಲಿಗೇ ಬರಬೇಕು.

ಬರೀತಾ ಬರೀತಾ ಉದ್ದವಾಯ್ತು. ನಿಮ್ಮ ಅಜ್ಜ ಅಜ್ಜಿ ಯಾರಾದರೂ ಶಿವಮೊಗ್ಗ ಕಡೆಯ ಮಿಷನ್ ಶಾಲೆಯಲ್ಲಿ ಓದಿದವರಿದ್ದರೆ, ಮೇಷ್ಟ್ರು ಯಾರಿದ್ರು, ಏನು ಹಾಡಿಸ್ತಿದ್ರು, ಮಧ್ಯಾಹ್ನದ ಊಟಕ್ಕೆ ಎಲ್ಲಿ ಕೂರ್ತಿದ್ರು ಅಂತ ಕೇಳಿ ಬರೆಯಿರಿ. ಊಟದ ವಿಷಯ ಮರೆಯದೆ ಕೇಳಿ.