ಇಂದಾಪುರದಿಂದ ಷೋಳವರಂವರೆಗೆ: ತಗಡಿನ ಮೈಯೊಂದರ ಚರಿತ್ರೆ

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಕನ್ನಡಿಗರಿಗೆ ಇಂದಾಪುರವೆಂದರೆ ಕಬ್ಬಿನ ಗದ್ದೆ, ಉಜನಿಯ ಹಿನ್ನೀರು. ಅದೇ ತಾಲ್ಲೂಕಿನ ವಾಲ್‌ಚಂದ್‌ನಗರವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1882ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ವಾಲ್‌ಚಂದ್ ಹೀರಾಚಂದರು ಸಕ್ಕರೆ ಕಾರ್ಖಾನೆಯ ಸುತ್ತ ಕಟ್ಟಿದ ಊರು ಅದು. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಸಹಯೋಗದೊಡನೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದವರೂ, 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿದವರೂ ಅವರೇ.

ಲೋಹದ ವಿಮಾನಕ್ಕೂ ಆಧುನಿಕ ಕಾರಿಗೂ ಒಂದು ನಂಟುಂಟು: ಎರಡರಲ್ಲೂ ಹೊರಮೈಯ ತಗಡೇ ಭಾರ ಹೊರುತ್ತದೆ. ಹಿಂದಿನ ಕಾರುಗಳಲ್ಲಿ ಆ ಕೆಲಸ ಕೆಳಗಿನ ಚಾಸಿಯದಾಗಿತ್ತು. ಮೈ ಬರಿಯ ಹೊದಿಕೆ. ವಾಲ್‌ಚಂದರು ತೀರಿಕೊಂಡ 1953ರಲ್ಲೇ ಇಟಲಿಯಲ್ಲಿ ಪ್ರತ್ಯೇಕ ಚಾಸಿಯಿಲ್ಲದ ಹೊಸ ಫಿಯೆಟ್ 1100 ಹೊರಬಂದಿತು. ಅದರ ಸಂತತಿಯನ್ನೇ ಪ್ರೀಮಿಯರ್ ಕಂಪನಿ ಮುಂಬಯಿಯ ಕುರ್ಲಾದಲ್ಲಿ ತಯಾರಿಸಿ, ಮುಂದೆ ಪದ್ಮಿನಿಯೆಂದು ಕರೆಯಿತು.

ಸಂಸಾರಕ್ಕೆಂದು ಮಾಡಿದ ಈ ಕಾರು ಮದರಾಸಿನ ಬಳಿಯ ಷೋಳವರಂನಲ್ಲಿ, ಎರಡನೆಯ ಮಹಾಯುದ್ಧದ ವಿಮಾನಪಟ್ಟಿಯ ಮೇಲೆ, ಓಟಕ್ಕೂ ಇಳಿಯಿತು. ವೇಗದ ತಿರುವಿನಲ್ಲಿ ಇಂಥ ಮೈ ಹಿಂಡಿದ ಬಟ್ಟೆಯಂತೆ ಕೊಂಚ ತಿರುಚಿಕೊಳ್ಳುತ್ತದೆ. ತಗಡುಗಳನ್ನು ಹಿಡಿದಿರುವುದು ಬಿಡಿಬಿಡಿಯಾದ ಸ್ಪಾಟ್ ವೆಲ್ಡಿಂಗ್ ಚುಕ್ಕಿಗಳಷ್ಟೆ. ಮೈ ತಿರುಚಿದರೆ ಚಕ್ರಗಳ ಕೋನ ಬದಲಾಗುತ್ತದೆ. ಸ್ಪ್ರಿಂಗುಗಳನ್ನು ಎಷ್ಟು ಹದಗೊಳಿಸಿದರೂ ವ್ಯರ್ಥ. ಆದುದರಿಂದ ಓಟದ ಕಾರು ಕಟ್ಟುವವರು ಮೊದಲು ಬಣ್ಣ, ಪುಟ್ಟಿ ಕೆರೆದು ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ಹೊಸ ತಗಡು ಕೂಡಿಸುತ್ತಾರೆ. ಬಳಿಕ ಚುಕ್ಕಿಗಳ ನಡುವೆ ಸಣ್ಣ ಸಣ್ಣ ಹೊಲಿಗೆಗಳಂತೆ ವೆಲ್ಡ್ ಮಾಡುತ್ತಾರೆ. ಒಂದೇ ಸಮನೆ ಎಳೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಕೊನೆಗೆ ಒಳಗೆ ಉಕ್ಕಿನ ಕೊಳವೆಗಳ ರೋಲ್ ಕೇಜ್. ಅದರ ಕಾಲುಗಳಡಿ ಅಗಲವಾದ ಪಟ್ಟಿಗಳಿರಬೇಕು. ಇಲ್ಲವಾದರೆ ಕಾರು ಪಲ್ಟಿಯಾದಾಗ ಕೊಳವೆ ನೆಲದ ತಗಡನ್ನೇ ತೂರಿಕೊಂಡು ಹೋದೀತು.

ಇಲ್ಲೊಂದು ವಿವೇಕದ ಮಾತನ್ನೂ ನಾವು ಸೇರಿಸಬೇಕು. ಅಪಘಾತದಲ್ಲಿ ಕಾರಿನ ಮುಂಭಾಗ ನಜ್ಜುಗುಜ್ಜಾಗುವುದರಿಂದಲೇ ಹೊಡೆತದ ಬಿರುಸು ತಗ್ಗುತ್ತದೆ. ಎಲ್ಲವನ್ನೂ ಬಿಗಿಗೊಳಿಸಿದರೆ ಆ ಬಿರುಸು ಕುಳಿತವನ ಎದೆಗೂ ಕತ್ತಿಗೂ ತಲುಪುತ್ತದೆ. ಹೆಲ್ಮೆಟ್ಟಿನ ತಲೆಯನ್ನು ಕಾಯುವ ಕೇಜ್, ಬರಿದಲೆಗೆ ತಾನೇ ಅಪಾಯ. ಆದ್ದರಿಂದ ಓಟದ ಪಥಕ್ಕೆ ಬಲಪಡಿಸಿದ ಕಾರು ಊರಿನ ಬೀದಿಗೆ ತಕ್ಕುದಲ್ಲ.

ಹಳೆಯ ಪದ್ಮಿನಿಗಳು ಇಂದು ಗುಜರಿಯ ಪಾಲಾಗುತ್ತಿವೆ. ಉಳಿದ ಕೆಲವನ್ನು ಓಟಕ್ಕೆಂದು ಕತ್ತರಿಸುವ ಮುನ್ನ, ಇಂದಾಪುರದ ಸಕ್ಕರೆ, ಬೆಂಗಳೂರಿನ ವಿಮಾನ, ಕುರ್ಲಾದ ಕಾರುಗಳನ್ನು ಒಂದೇ ಬದುಕಿನಲ್ಲಿ ಹೊಸೆದ ಆ ಉದ್ಯಮಿಯ ಚರಿತ್ರೆ ಈ ತಗಡಿನಲ್ಲೂ ಇದೆಯೆಂಬುದನ್ನು ನಾವು ನೆನೆಯುವುದು ಒಳಿತು.