ಹಳ್ಳಿಗುಡಿಯ ಹೊಲಗಳು



ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನ ಹೆಸರನ್ನು ನೀವು ಎರಡು ಕಾರಣಗಳಿಂದ ಕೇಳಿರಬಹುದು. ಒಂದು, ತುಂಗಭದ್ರೆಯ ದಡದಲ್ಲಿರುವ ವೀರಭದ್ರೇಶ್ವರ ದೇವಾಲಯ. ಇನ್ನೊಂದು, ಆ ಊರಿನ ಹೆಸರು ಹೊತ್ತ ಏತ ನೀರಾವರಿ ಯೋಜನೆ. ಹಮ್ಮಿಗಿಯ ಬಳಿ ನದಿಗೆ ಬ್ಯಾರೇಜು ಕಟ್ಟಿ, ನೀರನ್ನು ಮೇಲಕ್ಕೆತ್ತಿ, ಮಳೆಯನ್ನೇ ನಂಬಿದ ಹೊಲಗಳಿಗೆ ಹರಿಸುವುದು ಅದರ ಉದ್ದೇಶ. ಆ ನೀರಿಗಾಗಿ ದಡದ ಹಳ್ಳಿಗಳ ಜನ ಮನೆ-ಹೊಲ ಬಿಡಬೇಕಾಯಿತು. ಆದ್ದರಿಂದ ‘ಭೂಮಿ ಬಿಡಿ’ ಎಂಬ ಮಾತು ಈ ತಾಲ್ಲೂಕಿಗೆ ಹೊಸದಲ್ಲ. ಆದರೆ 2011ರಲ್ಲಿ ಇದೇ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಆ ಮಾತು ಕೇಳಿಬಂದಾಗ ನಡೆದದ್ದು ಬೇರೆಯೇ ಕಥೆ.

2010ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಂಡವಾಳ ಹೂಡಿಕೆದಾರರ ಜಾಗತಿಕ ಸಮಾವೇಶ ನಡೆಯಿತು. ಅಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯು ರಾಜ್ಯ ಸರ್ಕಾರದೊಡನೆ ಒಂದು ಒಪ್ಪಂದಕ್ಕೆ ಬಂದಿತು. ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತಯಾರಿಸುವ, ಸುಮಾರು 32 ಸಾವಿರ ಕೋಟಿ ರೂಪಾಯಿಗಳ ಕಾರ್ಖಾನೆ ಅದು. ಗುರುತಿಸಿದ ಜಾಗ ಹಳ್ಳಿಗುಡಿಯ ಸುತ್ತಲಿನ 3,382 ಎಕರೆ, ಎಂದರೆ 13 ಚದರ ಕಿಲೋಮೀಟರಿಗೂ ಹೆಚ್ಚು. ನಕ್ಷೆ ಬಿಡಿಸಿ ನೋಡಿ. ಪೂರ್ವಕ್ಕೆ ಬಳ್ಳಾರಿ-ಸಂಡೂರಿನ ಅದಿರು, ಸಮೀಪದಲ್ಲೇ ಗದಗ-ಹೊಸಪೇಟೆ ರೈಲುದಾರಿ, ದಕ್ಷಿಣಕ್ಕೆ ನದಿ. ಉಕ್ಕಿನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಆದರೆ ಆ ಜಾಗ ಖಾಲಿ ಇರಲಿಲ್ಲ. ಬಿಳಿಜೋಳ, ಕಡಲೆ, ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ ಇದು. ಎರೆ ಭೂಮಿಯ ಗುಣ ನಿಮಗೆ ಗೊತ್ತಿರಬೇಕು. ಮಳೆಗಾಲದ ಹಸಿಯನ್ನು ಹಿಡಿದಿಟ್ಟುಕೊಂಡು, ಹಿಂಗಾರಿನ ಜೋಳವನ್ನು ಇಬ್ಬನಿಯಲ್ಲೇ ಬೆಳೆಸುವ ಮಣ್ಣದು. ನದಿಯ ನೀರು ಹೊಲಕ್ಕೆ ಬರುವುದೆಂದು ತಾಲ್ಲೂಕು ವರ್ಷಗಟ್ಟಲೆ ಕಾದಿತ್ತು. ಬರುವ ಹೊತ್ತಿಗೆ ಹೊಲವೇ ಹೋಗುವುದೆಂದರೆ?

ಇಲ್ಲಿ ಕಾನೂನನ್ನು ತುಸು ಗಮನಿಸಿ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ 1966ರದು. ಅದರ 28ನೆಯ ಕಲಮಿನಂತೆ ಸರ್ಕಾರ ಮೊದಲು ಪ್ರಾಥಮಿಕ ಅಧಿಸೂಚನೆ ಹೊರಡಿಸುತ್ತದೆ. ನೋಟೀಸು ತಲುಪಿದ 30 ದಿನಗಳೊಳಗೆ ಭೂಮಾಲೀಕ ಆಕ್ಷೇಪಣೆ ಹೇಳಬಹುದು. ಅದನ್ನು ಕೇಳಿದ ಮೇಲೆ ಅಂತಿಮ ಅಧಿಸೂಚನೆ. ಅಲ್ಲಿಗೆ ಭೂಮಿ ಸರ್ಕಾರದ್ದು. ಆಕ್ಷೇಪಣೆ ಕೇಳುತ್ತಾರೆ, ಒಪ್ಪಿಗೆ ಕೇಳುವುದಿಲ್ಲ. ಹೊಲವಿಲ್ಲದೆ ಕಳೆ ತೆಗೆದು, ಹತ್ತಿ ಬಿಡಿಸಿ ಬದುಕುವ ಕೂಲಿಯವರ ಮನೆಗೆ ನೋಟೀಸು ಬರುವುದೇ ಅಪರೂಪ. ನನಗೆ ಇಡೀ ಪ್ರಕರಣದ ಗಂಟು ಇಲ್ಲಿಯೇ ಇದೆಯೆನಿಸುತ್ತದೆ.

ಊರಿನಲ್ಲಿ ಎಲ್ಲರದೂ ಒಂದೇ ಮಾತಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮೇಲಿಂದ ಮೇಲೆ ಬರ ಕಂಡವರಿಗೆ ಒಳ್ಳೆಯ ಬೆಲೆ, ಮಕ್ಕಳಿಗೆ ನೌಕರಿ ಎಂಬ ಮಾತು ಹಿತವಾಗಿ ಕೇಳಿಸಿದರೆ ತಪ್ಪೆನ್ನಲಾಗದು. ಆದರೂ ವಿರೋಧ ಬೆಳೆಯಿತು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಮುಂದೆ ನಿಂತರು. ಗೋಕಾಕ್ ಚಳವಳಿಯಲ್ಲಿ ಕನ್ನಡಕ್ಕಾಗಿ ನಿಂತವರು ಈಗ ಮಣ್ಣಿಗಾಗಿ ನಿಂತಿದ್ದರು. 2011ರ ಜುಲೈಯಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಹಳ್ಳಿಗುಡಿಯ ಭೂಸ್ವಾಧೀನವನ್ನು ತಡೆದರು.

ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಭೂಮಿಯೂ ಇಲ್ಲ, ಅದಿರೂ ಇಲ್ಲ ಎಂಬಂತಾಯಿತು. 2013ರ ಜುಲೈಯಲ್ಲಿ ಕಂಪನಿಯು ಕರ್ನಾಟಕದ ಯೋಜನೆಯನ್ನು ಕೈಬಿಟ್ಟಿತು. ಆದ್ದರಿಂದ ಗೆಲುವನ್ನು ಪೂರ್ತಿಯಾಗಿ ಚಳವಳಿಯ ಲೆಕ್ಕಕ್ಕೆ ಬರೆಯುವುದು ಇತಿಹಾಸವಾಗದು.

ಅದೇ ವರ್ಷ ಸಂಸತ್ತು 1894ರ ಹಳೆಯ ಭೂಸ್ವಾಧೀನ ಕಾಯ್ದೆಯ ಬದಲಿಗೆ ಹೊಸದನ್ನು ತಂದಿತು. ಖಾಸಗಿ ಕಂಪನಿಗಾಗಿ ಭೂಮಿ ಪಡೆಯಲು ಸಂತ್ರಸ್ತ ಕುಟುಂಬಗಳಲ್ಲಿ ಶೇಕಡಾ 80ರಷ್ಟು ಜನರ ಒಪ್ಪಿಗೆ ಬೇಕೆಂದು ಅದು ಹೇಳಿತು. ಆದರೆ ರಾಜ್ಯದ 1966ರ ಕಾಯ್ದೆ ಹಾಗೆಯೇ ಉಳಿಯಿತು. ಬೆಂಗಳೂರಿನ ಬಳಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಗೆ ಅಧಿಸೂಚನೆ ಬಂದಾಗ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಅಲ್ಲಿಗೂ ನೋಟೀಸು ಬಂದಿದ್ದು ಅದೇ 28ನೆಯ ಕಲಮಿನಡಿಯಲ್ಲಿ.