ಸಿದ್ದಿಯರ ಅಂಗಳದಲ್ಲಿ ಮನಸ್ಸಿನ ಆರೈಕೆ

ಮಾನಸಿಕ ಆರೋಗ್ಯವೆಂದರೆ ನಮಗೆ ನೆನಪಾಗುವುದು ಬೆಂಗಳೂರಿನ ನಿಮ್ಹಾನ್ಸ್ ಇಲ್ಲವೇ ಧಾರವಾಡದ ಆಸ್ಪತ್ರೆ. ಜೋಯಿಡಾ ತಾಲ್ಲೂಕಿನ ಕುಂಬಾರವಾಡದಂಥ ಕಾಡಿನೂರುಗಳಿಗೆ ಎರಡೂ ದೂರವೇ. ಹಾಗಾದರೆ ಈ ಸೀಮೆಯ ಜನ ಮನಸ್ಸಿನ ಭಾರವನ್ನು ಎಲ್ಲಿ ಇಳಿಸುತ್ತ ಬಂದರು? ನೆರೆಯ ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಸಿದ್ದಿಯರ ಚರಿತ್ರೆಯಲ್ಲಿ ಇದಕ್ಕೆ ಒಂದು ಉತ್ತರ ಸಿಗುತ್ತದೆ.

ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿಯೇ ಇಲ್ಲಿನ ಸಿದ್ದಿಯರು. ಗುಲಾಮಗಿರಿ ಹೋದರೂ ಅವಮಾನ ಹೋಗಲಿಲ್ಲ. ಗುಂಗುರು ಕೂದಲು, ಕಪ್ಪು ಮೈಬಣ್ಣ ಕಂಡು ಗೇಲಿ ಮಾಡುವವರು ಎಲ್ಲೆಡೆ ಇದ್ದರು. ತನ್ನ ಮುಖವೇ ತನಗೆ ಹೊರೆಯಾಗುವ ಈ ನೋವಿಗೆ ಗುಳಿಗೆಯಿಲ್ಲ.

ಅದಕ್ಕಿದ್ದುದು ದಮಾಮಿ. ಮರದ ಕೊರಡು ಕೊರೆದು ಚರ್ಮ ಬಿಗಿದ ಈ ವಾದ್ಯದ ಸುತ್ತ, ದುಡಿದು ದಣಿದವರು ಹಾಡಿ ಕುಣಿಯುತ್ತಾರೆ. ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲ ಇದ್ದಾರೆ. ದಮಾಮಿ ಮಾತ್ರ ಎಲ್ಲರದು. ಹೆಂಗಸರು ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಾರೆ. ಸೂಜಿ ಓಡುವಾಗ ಕಷ್ಟಸುಖದ ಮಾತೂ ಓಡುತ್ತದೆ. ಇದನ್ನು ಚಿಕಿತ್ಸೆ ಎಂದು ಅವರು ಕರೆದವರಲ್ಲ.

1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆಯು ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಸಿದ್ದಿಯರೊಡನೆ ನಾಟಕವೊಂದನ್ನು ಕಟ್ಟಿತು. ಚಿದಂಬರರಾವ್ ಜಂಬೆ ನಿರ್ದೇಶಿಸಿದ 'ಕಪ್ಪು ಜನ ಕೆಂಪು ನೆರಳು' ನೈಜೀರಿಯಾದ ಚಿನುವಾ ಅಚಿಬೆಯವರ 1958ರ ಕಾದಂಬರಿಯನ್ನು ಆಧರಿಸಿದ್ದು. ಬಿಳಿಯರ ಆಗಮನದಿಂದ ಒಡೆದುಹೋಗುವ ಇಗ್ಬೊ ಹಳ್ಳಿಯೊಂದರ ಕಥೆ ಅದು. ಇಗ್ಬೊ ನಾಡಿರುವುದು ಪಶ್ಚಿಮ ಆಫ್ರಿಕಾದಲ್ಲಿ. ಸಿದ್ದಿಯರ ಮೂಲ ಹೆಚ್ಚಾಗಿ ಪೂರ್ವ ಆಫ್ರಿಕಾದಲ್ಲಿ ಎನ್ನುತ್ತಾರೆ. ರಂಗದ ಮೇಲೆ ಆ ದೂರಕ್ಕೆ ಲೆಕ್ಕವಿಲ್ಲ. ಊರವರ ನಗೆಗೆ ಈಡಾಗಿದ್ದ ರೂಪವೇ ಇಲ್ಲಿ ಪಾತ್ರಕ್ಕೆ ಬೇಕಾದ ಅರ್ಹತೆಯಾಯಿತು! ನೋಡುವವರು ಅವರೇ, ನೋಟ ಮಾತ್ರ ಬೇರೆ. ಸರ್ಕಾರ ಈ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ರಂಗಭೂಮಿ ಅದಕ್ಕೂ ಮೊದಲೇ ಅವರಿಗೆ ನಡುವೇದಿಕೆ ಬಿಟ್ಟುಕೊಟ್ಟಿತ್ತು.

ಕುಣಿತದಿಂದ ಎಲ್ಲ ಕಾಯಿಲೆಯೂ ವಾಸಿಯಾಗುತ್ತದೆಂದು ಹೇಳಿದರೆ ಅದು ಅಪಾಯದ ಮಾತು. ತೀವ್ರ ಮನೋರೋಗಕ್ಕೆ ವೈದ್ಯರೇ ಬೇಕು. ಹಳ್ಳಿಗೂ ಆ ಸೇವೆ ಮುಟ್ಟಲೆಂದೇ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅದರ ಜಿಲ್ಲಾ ಮಾದರಿ ರೂಪುಗೊಂಡದ್ದು ನಮ್ಮ ಬಳ್ಳಾರಿಯಲ್ಲಿ. ಆದರೆ ಒಂಟಿತನ, ಕೀಳರಿಮೆ, ಹೇಳಿಕೊಳ್ಳಲಾಗದ ದುಃಖ ಇವು ಆಸ್ಪತ್ರೆಯ ಬಾಗಿಲವರೆಗೆ ಬರುವುದೇ ಅಪರೂಪ. ಅವು ಮೊದಲು ಬರುವುದು ಅಂಗಳಕ್ಕೆ.

ಮಂಚೀಕೇರಿಯ ಆ ಪ್ರಯೋಗದ ನಂತರವೂ ಸಿದ್ದಿ ಯುವಜನರು ಹೆಗ್ಗೋಡಿನ ದಾರಿ ಹಿಡಿದರು. ನೀನಾಸಂನಲ್ಲಿ ಕಲಿತ ಗಿರಿಜಾ ಸಿದ್ದಿ ರಂಗಭೂಮಿಯಲ್ಲಿ, ಪ್ರಶಾಂತ್ ಸಿದ್ದಿ ಚಲನಚಿತ್ರದಲ್ಲಿ ಹೆಸರು ಮಾಡಿದರು, ಅದೂ ಸಿದ್ದಿ ಎಂಬ ಹೆಸರಿನೊಂದಿಗೇ.